ಬೆಳಗ್ಗೆ ಆನ್ ಮಾಡಿದ ಕಂಪ್ಯೂಟರ್ ಏಳೋಕೆ ಎಂಟು ನಿಮಿಷ! ಏನು ಮಾಡೋದು?

ಜೆರಾಕ್ಸ್_ಅಂಗಡಿ_ತಿಪಟೂರು
ಎಲ್ಲರಿಗೂ ನಮಸ್ಕಾರ. ನಂದು ತಿಪಟೂರಲ್ಲಿ ಒಂದು ಚಿಕ್ಕ ಜೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ಏನು ಬಂದರೂ ಮಾಡಿಕೊಡುತ್ತೇನೆ.

ಬೆಳಗ್ಗೆ 9ಕ್ಕೆ ಬಾಗಿಲು ತೆಗೆದು, ಮೇನ್ ಸ್ವಿಚ್ ಹಾಕಿ, ಕಂಪ್ಯೂಟರ್ ಬಟನ್ ಒತ್ತುತ್ತೇನೆ. ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಪಕ್ಕದ ಹೋಟೆಲಿಂದ ಟೀ ತಂದು ಕೂತರೂ ಆ ಬಿಳಿ ಚುಕ್ಕೆಗಳು ಗುಂಡಗೆ ಸುತ್ತುತ್ತಲೇ ಇರುತ್ತವೆ. ಟೈಮ್ ಸರಿ ಮಾಡಿ, ಬ್ರೌಸರ್ ತೆಗೆದು ಕೆಲಸ ಶುರು ಮಾಡೋ ಹೊತ್ತಿಗೆ 9:15. ಅಷ್ಟರಲ್ಲಿ ಬಸ್ಸಿಗೆ ಅವಸರ ಇರೋ ಕಾಲೇಜು ಹುಡುಗರು ಎದುರಿನ ಅಂಗಡಿಗೆ ಹೋಗಿರುತ್ತಾರೆ.

2015ರಲ್ಲಿ ಅಸೆಂಬಲ್ ಮಾಡಿಸಿದ್ದು. ಐ3 ನಾಲ್ಕನೇ ಜನರೇಷನ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸರ್ವೀಸ್‌ನವರು ನೋಡಿ "ಮದರ್‌ಬೋರ್ಡ್ ವಯಸ್ಸಾಯ್ತು ಸರ್, ಹೊಸ ಸಿಸ್ಟಂ ತಗೊಳ್ಳಿ, 28 ಸಾವಿರ ಆಗುತ್ತೆ" ಅಂದರು. ನಿಜವಾಗಿ ಅಷ್ಟು ಬೇಕಾ?

ಕಾಫಿ_ಡಿಕಾಕ್ಷನ್
ರನ್ ಬಾಕ್ಸಲ್ಲಿ ಟೆಂಪ್ ಅಂತ ಹೊಡೆದು, ಬರೋ ತಾತ್ಕಾಲಿಕ ಫೈಲುಗಳನ್ನೆಲ್ಲಾ ಡಿಲೀಟ್ ಮಾಡಿ. ಆಮೇಲೆ ಪ್ರಿಫೆಚ್ ಫೋಲ್ಡರ್ ಕೂಡ ಖಾಲಿ ಮಾಡಿ. ರಾಕೆಟ್ ಥರ ಓಡುತ್ತೆ. ನಾನು ವಾರಕ್ಕೊಮ್ಮೆ ಮಾಡ್ತೀನಿ.

ಸ್ಕ್ರೂಡ್ರೈವರ್
ಪ್ರಿಫೆಚ್ ಖಾಲಿ ಮಾಡಬೇಡಿ. ಯಾವ ಪ್ರೋಗ್ರಾಂ ತೆಗೆದಾಗ ಯಾವ ಫೈಲು ಬೇಕಾಗುತ್ತೆ ಅಂತ ವಿಂಡೋಸ್ ಬರೆದಿಟ್ಟುಕೊಂಡಿರೋ ಜಾಗ ಅದು. ಎಕ್ಸ್‌ಪಿ ಕಾಲದಿಂದ ಇದೆ. ಖಾಲಿ ಮಾಡಿದರೆ ಮುಂದಿನ ಸಲ ಇನ್ನೂ ನಿಧಾನ ಆಗುತ್ತೆ, ಮತ್ತೆ ಬರೆದುಕೊಳ್ಳಬೇಕಲ್ಲ. ಟೆಂಪ್ ಅಳಿಸಿದರೆ ಡಿಸ್ಕಲ್ಲಿ ಜಾಗ ಸಿಗುತ್ತೆ ಅಷ್ಟೆ. ಜಾಗ ಪೂರ್ತಿ ತುಂಬಿ ಹೋಗಿದ್ದರೆ ಮಾತ್ರ ಅದರಿಂದ ವ್ಯತ್ಯಾಸ ಗೊತ್ತಾಗೋದು.

ಕಾಫಿ_ಡಿಕಾಕ್ಷನ್
ನನಗೆ ಫಾಸ್ಟ್ ಆಗಿದೆ ಸರ್. ಸುಮ್ನೆ ಹೇಳ್ತೀನಾ?

ಸ್ಕ್ರೂಡ್ರೈವರ್
ಗಡಿಯಾರ ಇಟ್ಟು ನೋಡಿದ್ದೀರಾ?

ಕಾಫಿ_ಡಿಕಾಕ್ಷನ್
ಗಡಿಯಾರ ಯಾಕೆ, ಕಣ್ಣಿಲ್ವಾ 😄

ಸ್ಕ್ರೂಡ್ರೈವರ್
ತಿಪಟೂರು ಸರ್, ಯಾರ ಮಾತೂ ಕೇಳೋ ಮುಂಚೆ (ನನ್ನದೂ ಸೇರಿ) ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತ್ಕೊಳ್ಳಿ. ಬಟನ್ ಒತ್ತಿದಾಗಿಂದ ವಿಂಡೋಸ್ ಗುರುತು ಬರೋ ತನಕ ಎಷ್ಟು, ಅಲ್ಲಿಂದ ಪಾಸ್‌ವರ್ಡ್ ಕೇಳೋ ತನಕ ಎಷ್ಟು, ಪಾಸ್‌ವರ್ಡ್ ಕೊಟ್ಟು ಮೌಸ್ ಹೇಳಿದ ಮಾತು ಕೇಳೋ ತನಕ ಎಷ್ಟು. ಮೂರು ನಂಬರ್ ಹಾಕಿ. "ಸ್ಲೋ" ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. ಗುರುತು ಬರೋಕೆ ಮುಂಚೆ ತಡ ಆದರೆ ಅದು ವಿಂಡೋಸ್ ತಪ್ಪೇ ಅಲ್ಲ, ಬಯಾಸ್ (ವಿಂಡೋಸಿಗೂ ಮುಂಚೆ ಏಳೋ, ಮದರ್‌ಬೋರ್ಡಿನೊಳಗಿನ ಪ್ರೋಗ್ರಾಂ) ಕಡೆಯದ್ದು. ಪಾಸ್‌ವರ್ಡ್ ಆದಮೇಲೆ ತಡ ಆದರೆ ಸ್ಟಾರ್ಟ್‌ಅಪ್ ಪ್ರೋಗ್ರಾಂಗಳು ಅಥವಾ ಡಿಸ್ಕು.

ಹುಬ್ಬಳ್ಳಿ_ಮಂದಿ
ಮದರ್‌ಬೋರ್ಡಿಗೆ ವಯಸ್ಸಾಯ್ತಂತ! ಮನಷ್ಯಾನೇನ್ರೀ ಅದು, ಮೊಣಕಾಲು ನೋವು ಬರಾಕ? 28 ಸಾವಿರ ಕೊಡಬ್ಯಾಡ್ರಿ.

ಪೆಂಗ್ವಿನ್_ಪ್ರಿಯ
ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, 4 ಜಿಬಿಯಲ್ಲೂ ಆರಾಮಾಗಿ ಓಡುತ್ತೆ. ದುಡ್ಡೂ ಇಲ್ಲ, ವೈರಸ್ ಕಾಟವೂ ಕಡಿಮೆ.

ಜೆರಾಕ್ಸ್_ಅಂಗಡಿ_ತಿಪಟೂರು
ಲಿನಕ್ಸಲ್ಲಿ ಪೇಜ್‌ಮೇಕರ್ 7 ಓಡುತ್ತಾ ಸರ್? ಹತ್ತು ವರ್ಷದ ಲಗ್ನಪತ್ರಿಕೆ, ಕರಪತ್ರ ಎಲ್ಲಾ ಅದರಲ್ಲೇ ಇವೆ. ಎಲ್ಲಾ ನುಡಿ ಫಾಂಟು.

ಪೆಂಗ್ವಿನ್_ಪ್ರಿಯ
ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸಲ್ಲಿ ಓಡಿಸೋಕೆ ವೈನ್ ಅಂತ ಒಂದು ಇದೆ, ಅದರಲ್ಲಿ ಪ್ರಯತ್ನ ಮಾಡಬಹುದು. ಆದರೆ ಗ್ಯಾರಂಟಿ ಕೊಡಲ್ಲ. 2001ರ ಸಾಫ್ಟ್‌ವೇರ್ ಇನ್ನೂ ಬಳಸ್ತಿದ್ದೀರಾ?!

ಲೆಕ್ಕದ_ಮೇಡಂ
ಅದಕ್ಕೇನಂತೆ? ನಮ್ಮೂರಲ್ಲಿ ಕರಪತ್ರ, ಆಹ್ವಾನ ಪತ್ರಿಕೆ ಮಾಡೋ ಅರ್ಧ ಜನ ಪೇಜ್‌ಮೇಕರಲ್ಲೇ ಇದ್ದಾರೆ. ಕೆಲಸ ನಡೆಯುತ್ತೆ, ಯಾಕೆ ಬಿಡಬೇಕು. ಹಳೇ ನುಡಿ ಫೈಲನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದರೆ ಏನು ಕಾಣುತ್ತೆ ಗೊತ್ತಲ್ಲ, ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಟೋಪಿ ಹಾಕಿದ ಎ ಎಲ್ಲಾ ಸಾಲಾಗಿ ನಿಂತಿರುತ್ತವೆ. ಗಿರಾಕಿ ಎದುರಿಗೆ ಕೂತಾಗ ಇವರು ಅದನ್ನ ಎಲ್ಲಾ ಕಂಪ್ಯೂಟರಲ್ಲೂ ಕಾಣೋ ಯೂನಿಕೋಡಿಗೆ ಬದಲಾಯಿಸ್ತಾ ಕೂರೋಕೆ ಆಗುತ್ತಾ?

ಪೆಂಗ್ವಿನ್_ಪ್ರಿಯ
ಬದಲಾಯಿಸಲೇಬೇಕು ಮೇಡಂ ಒಂದಲ್ಲ ಒಂದು ದಿನ. ಆ ಫೈಲುಗಳಲ್ಲಿ ಹೆಸರು ಹುಡುಕಿದರೂ ಸಿಗಲ್ಲ.

ಲೆಕ್ಕದ_ಮೇಡಂ
ಒಪ್ಪುತ್ತೇನೆ. ಆದರೆ ಅದು ಬೇರೆ ಚರ್ಚೆ. ಪಾಪ ಅವರು ಕಂಪ್ಯೂಟರ್ ಬೇಗ ಏಳಲಿ ಅಂತ ಕೇಳಿದ್ದಾರೆ.

ಹಳೇಫ್ಲಾಪಿ
ಎಂಟು ನಿಮಿಷಕ್ಕೇ ಇಷ್ಟು ಬೇಜಾರಾ! ನಾನು 1996ರಲ್ಲಿ ಲೆಕ್ಕಪತ್ರದ ಆಫೀಸಲ್ಲಿ ಇದ್ದೆ. ವಿಂಡೋಸ್ 95. ಒಂದು ಬೆಳಗ್ಗೆ ಕಂಪ್ಯೂಟರ್ ಏಳಲೇ ಇಲ್ಲ, ಕಪ್ಪು ಪರದೆ ಮೇಲೆ "ನಾನ್ ಸಿಸ್ಟಂ ಡಿಸ್ಕ್" ಅಂತ ಬರೀತು. ಡಿಸ್ಕ್ ಹೋಯ್ತು, ವರ್ಷದ ಲೆಕ್ಕ ಎಲ್ಲಾ ಹೋಯ್ತು ಅಂತ ಮೇನೇಜರ್ ತಲೆ ಮೇಲೆ ಕೈ ಹೊತ್ತುಕೊಂಡು ಕೂತರು. ತುಮಕೂರಿಂದ ರಿಪೇರಿ ಹುಡುಗ ಬಸ್ಸಲ್ಲಿ ಬಂದ. ಬಂದವನು ಕೂರಲೂ ಇಲ್ಲ. ಎ ಡ್ರೈವಲ್ಲಿದ್ದ ಫ್ಲಾಪಿ ಹೊರಗೆ ಎಳೆದು ಮೇಜಿನ ಮೇಲಿಟ್ಟು ಒಂದು ಕೀ ಒತ್ತಿದ, ಅಷ್ಟೆ. ಹಿಂದಿನ ಸಂಜೆ ನಾನೇ ಬಿಟ್ಟು ಹೋಗಿದ್ದ ಫ್ಲಾಪಿ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಸ್ಕ್ರೂಡ್ರೈವರ್
ಅಜ್ಜ, ಆ ರೋಗ ಈಗಲೂ ಇದೆ. ಫ್ಲಾಪಿ ಬದಲು ಪೆನ್‌ಡ್ರೈವ್. ಬಯಾಸಲ್ಲಿ ಯುಎಸ್‌ಬಿ ಮೊದಲು ಅಂತ ಇದ್ದರೆ, ಸಿಕ್ಕಿಸಿಟ್ಟ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲಾ ತಡಕಾಡಿ ಆಮೇಲೆ ಮುಂದೆ ಹೋಗುತ್ತೆ.

ಜೆರಾಕ್ಸ್_ಅಂಗಡಿ_ತಿಪಟೂರು
ಇವತ್ತು ಸ್ಟಾಪ್‌ವಾಚ್ ಹಿಡಿದು ಕೂತೆ. ಟೀ ತರೋಕೂ ಹೋಗಲಿಲ್ಲ.
ಬಟನ್‌ನಿಂದ ವಿಂಡೋಸ್ ಗುರುತು: 1 ನಿಮಿಷ 10 ಸೆಕೆಂಡ್.
ಪಾಸ್‌ವರ್ಡ್ ತನಕ: 2 ನಿಮಿಷ 30.
ಅಲ್ಲಿಂದ ಮೌಸ್ ಸರಿಯಾಗಿ ಓಡೋ ತನಕ: 4 ನಿಮಿಷ 10.
ಡಬ್ಬದೊಳಗಿಂದ ಕರ್ ಕರ್ ಅಂತ ಸದ್ದು ಬರ್ತಾನೇ ಇತ್ತು, ಇಲಿ ತೆಂಗಿನಕಾಯಿ ಕೆರೆದ ಹಾಗೆ. ನಡುವೆ ಎರಡು ಸಲ ಟಕ್ ಅಂತು.

ಸ್ಕ್ರೂಡ್ರೈವರ್
ಆ ಟಕ್ ನನಗೆ ಇಷ್ಟ ಆಗಲಿಲ್ಲ. ಇರಲಿ, ಮೊದಲು ಸುಲಭದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಸ್ಟಾರ್ಟ್‌ಅಪ್ ಅನ್ನೋ ಕಡೆ ಏನೇನಿದೆ ನೋಡಿ ಹೇಳಿ. ಪರ್ಫಾರ್ಮೆನ್ಸ್ ಅನ್ನೋ ಕಡೆ ಡಿಸ್ಕ್ ಎಷ್ಟು ಪರ್ಸೆಂಟ್ ಇದೆ ಅದನ್ನೂ ಹೇಳಿ.

ಟೊರೊಂಟೊ_ಕನ್ನಡಿಗ
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನ್ನದು ಆಫೀಸ್ ಲ್ಯಾಪ್‌ಟಾಪ್, ಒಳ್ಳೇ ಎಸ್‌ಎಸ್‌ಡಿ (ಸುತ್ತೋ ಭಾಗ ಇಲ್ಲದ, ಚಿಪ್ಪಿನ ಡಿಸ್ಕ್) ಇದೆ. ದಿನಾ ಶಟ್‌ಡೌನ್ ಮಾಡ್ತೀನಿ. ಆದರೂ ಬರ್ತಾ ಬರ್ತಾ ನಿಧಾನ. ಟಾಸ್ಕ್ ಮ್ಯಾನೇಜರಲ್ಲಿ ಅಪ್‌ಟೈಮ್ (ಆನ್ ಆಗಿ ಎಷ್ಟು ಹೊತ್ತಾಯ್ತು ಅನ್ನೋದು) 23 ದಿನ ಅಂತ ತೋರಿಸ್ತಿದೆ! ನಿನ್ನೆ ರಾತ್ರಿ ತಾನೆ ಆಫ್ ಮಾಡಿದ್ದು?

ಸ್ಕ್ರೂಡ್ರೈವರ್
ಫಾಸ್ಟ್ ಸ್ಟಾರ್ಟ್‌ಅಪ್ ಮಹಿಮೆ. ವಿಂಡೋಸ್ 8ರಿಂದ ಬಂದದ್ದು. ಶಟ್‌ಡೌನ್ ಅಂದಾಗ ನಿಮ್ಮ ಪ್ರೋಗ್ರಾಂಗಳನ್ನ ಮುಚ್ಚುತ್ತೆ, ಆದರೆ ವಿಂಡೋಸಿನ ಒಳ ತಿರುಳನ್ನ ಹಾಗೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ. ಬೆಳಗ್ಗೆ ಅದನ್ನೇ ಎತ್ತಿಕೊಂಡು ಬರುತ್ತೆ. ಹೊಸದಾಗಿ ಏಳೋದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ.

ಹಳೇಫ್ಲಾಪಿ
ಅಂದರೆ ಶಟ್‌ಡೌನ್ ಅಂದರೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ ನಿಜವಾದ ಶಟ್‌ಡೌನು. ಚೆನ್ನಾಗಿದೆ.

ಮಲೆನಾಡ_ಮಳೆ
ಅದನ್ನ ಆಫ್ ಮಾಡಿಬಿಡಿ ಅಂತ ಎಲ್ಲರೂ ಹೇಳ್ತಾರಲ್ಲ?

ಸ್ಕ್ರೂಡ್ರೈವರ್
ಹಾರ್ಡ್ ಡಿಸ್ಕ್ ಇದ್ದರೆ ಅದು ಇದ್ದರೇ ಒಳ್ಳೇದು, ಬೇಗ ಏಳುತ್ತೆ. ಎಸ್‌ಎಸ್‌ಡಿ ಇದ್ದರೆ ಉಳಿಯೋದು ಕೆಲವೇ ಸೆಕೆಂಡು, ಆಫ್ ಮಾಡಿದರೂ ನಷ್ಟ ಇಲ್ಲ. ಪ್ರಿಂಟರ್, ವೈಫೈ ಬೆಳಗ್ಗೆ ಸರಿಯಾಗಿ ಕಾಣಿಸ್ತಿಲ್ಲ ಅಂದರೆ ಖಂಡಿತ ಆಫ್ ಮಾಡಿ ನೋಡಬೇಕು.

ಟೊರೊಂಟೊ_ಕನ್ನಡಿಗ
ರೀಸ್ಟಾರ್ಟ್ ಮಾಡಿದೆ. ಸರಿ ಹೋಯ್ತು. ಧನ್ಯವಾದ, ಇಲ್ಲಿ ಸಪೋರ್ಟಿಗೆ ಮೂರು ಮೇಲ್ ಹಾಕಿದ್ದೆ.

ಜೆರಾಕ್ಸ್_ಅಂಗಡಿ_ತಿಪಟೂರು
ಸ್ಟಾರ್ಟ್‌ಅಪ್ಪಲ್ಲಿ 14 ಇವೆ ಸರ್. ನುಡಿ ಕೀಬೋರ್ಡ್, ಮೂರು ಪ್ರಿಂಟರಿನ ಸ್ಟೇಟಸ್ ಮಾನಿಟರ್ (ಅದರಲ್ಲಿ ಎರಡು ಪ್ರಿಂಟರ್ ಗುಜರಿಗೆ ಹೋಗಿ ಮೂರು ವರ್ಷ ಆಯ್ತು), ಎರಡು ಆಂಟಿವೈರಸ್, ನನ್ನ ಅಕ್ಕನ ಮಗ ಹಾಕಿದ ಗೇಮಿಂದು ಒಂದು, ಲಾಕ್‌ಡೌನ್ ಟೈಮಲ್ಲಿ ಪಾಠಕ್ಕೆ ಹಾಕಿದ ವಿಡಿಯೋ ಕಾಲಿಂದು ಒಂದು, ಟೊರೆಂಟು, ಇನ್ನೂ ಏನೇನೋ. ಡಿಸ್ಕ್ 100 ಪರ್ಸೆಂಟ್ ಅಂತ ಕೂತಿದೆ, ಕೆಳಗೆ ಇಳಿಯೋದೇ ಇಲ್ಲ. ಏನನ್ನ ತೆಗೀಬಹುದು? ಭಯ ಆಗುತ್ತೆ.

ಹುಬ್ಬಳ್ಳಿ_ಮಂದಿ
ಎರಡು ಆಂಟಿವೈರಸ್! ಒಂದೇ ಮನ್ಯಾಗ ಇಬ್ಬರು ಕಾವಲುಗಾರರು, ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡ್ಕೊಂಡು ಕುಂತಾರ ನೋಡ್ರಿ.

ಸ್ಕ್ರೂಡ್ರೈವರ್
ಸರಿಯಾಗಿ ಹೇಳಿದಿರಿ. ಒಂದು ಫೈಲ್ ತೆಗೆದರೆ ಎರಡೂ ಅದನ್ನ ತಪಾಸಣೆ ಮಾಡ್ತವೆ. ಅವಧಿ ಮುಗಿದಿರೋದನ್ನ ಮೊದಲು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಎರಡನ್ನೂ ತೆಗೆದರೂ ವಿಂಡೋಸಿನ ಸ್ವಂತ ಡಿಫೆಂಡರ್ ತಾನೇ ಎದ್ದು ಕೂರುತ್ತೆ. ನುಡಿ ಬಿಟ್ಟು ಉಳಿದದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಭಯ ಬೇಡ, ಪ್ರೋಗ್ರಾಂ ಹೋಗಲ್ಲ, ತಾನಾಗಿ ಏಳೋದು ನಿಲ್ಲುತ್ತೆ ಅಷ್ಟೆ.

ಕಾಫಿ_ಡಿಕಾಕ್ಷನ್
ವಿಂಡೋಸ್ ಏಳೋ ಸೆಟ್ಟಿಂಗ್ ಬದಲಾಯಿಸೋ ಎಂಎಸ್‌ಕಾನ್ಫಿಗ್‌ಗೆ ಹೋಗಿ ಬೂಟ್, ಅಡ್ವಾನ್ಸ್‌ಡ್, ಅಲ್ಲಿ ಪ್ರೊಸೆಸರ್ ಸಂಖ್ಯೆ 4 ಅಂತ ಕೊಡಿ. ವಿಂಡೋಸ್ ಪ್ರೊಸೆಸರಿನ ಒಂದೇ ಕೋರ್ ಬಳಸ್ತಾ ಇರುತ್ತೆ.

ಸ್ಕ್ರೂಡ್ರೈವರ್
ಅಯ್ಯೋ ಬೇಡ. ಏನೂ ಮುಟ್ಟದಿದ್ದರೆ ವಿಂಡೋಸ್ ಇರೋ ಎಲ್ಲಾ ಕೋರುಗಳನ್ನೂ ಬಳಸುತ್ತೆ. ಅದು ಪರೀಕ್ಷೆ ಮಾಡೋರಿಗೆ ಕೋರ್ ಕಡಿಮೆ ಮಾಡಿ ನೋಡೋಕೆ ಇಟ್ಟ ಜಾಗ. ಯಾರೋ ಅಲ್ಲಿ 1 ಅಂತ ಬಿಟ್ಟು ಹೋಗಿ, ಮೂರು ತಿಂಗಳು ಒದ್ದಾಡಿದ ಗಿರಾಕಿ ನನ್ನ ಹತ್ರ ಬಂದಿದ್ದಾರೆ.

ಕಾಫಿ_ಡಿಕಾಕ್ಷನ್
ಸರಿ ಬಿಡಿ, ನಾನು ಏನೂ ಹೇಳಲ್ಲ.

ಲೆಕ್ಕದ_ಮೇಡಂ
ಬೇಜಾರು ಮಾಡ್ಕೋಬೇಡಿ ಡಿಕಾಕ್ಷನ್ ಅವರೆ, ಯಾವುದೋ ವಿಡಿಯೋ ನೋಡಿ ನಾನೂ ಹಾಗೇ ಮಾಡಿದ್ದೆ.

ಜೆರಾಕ್ಸ್_ಅಂಗಡಿ_ತಿಪಟೂರು
ಎಲ್ಲಾ ಡಿಸೇಬಲ್ ಮಾಡಿದೆ. ಕೊನೇ ನಂಬರ್ 4:10 ಇದ್ದದ್ದು 3:00ಕ್ಕೆ ಬಂತು. ಉಳಿದದ್ದು ಹಾಗೇ ಇದೆ. ಡಿಸ್ಕ್ ಇನ್ನೂ 100.

ಸ್ಕ್ರೂಡ್ರೈವರ್
ಈಗ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸೋ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡು ತೆಗೀರಿ. ಮೇಲೆ ನೀಲಿ ಬಣ್ಣ ಬಂತಾ ಹಳದಿ ಬಂತಾ? ಸಿ5 ಅನ್ನೋ ಸಾಲಿನ ಎದುರು ಏನಿದೆ?

ಜೆರಾಕ್ಸ್_ಅಂಗಡಿ_ತಿಪಟೂರು
ಹಳದಿ. ಕಾಷನ್ ಅಂತಿದೆ. ಓಡಿದ ಗಂಟೆ 23,600. ಸಿ5 ಎದುರು ಹತ್ತು ಸೊನ್ನೆ ಆಮೇಲೆ 38.

ಮಲೆನಾಡ_ಮಳೆ
38 ತಾನೆ, ಡಿಸ್ಕಲ್ಲಿರೋ ಕೋಟಿಗಟ್ಟಲೆ ಸೆಕ್ಟರಲ್ಲಿ (ಚಿಕ್ಕ ಚಿಕ್ಕ ಜಾಗಗಳಲ್ಲಿ) 38 ಏನು ಮಹಾ?

ಸ್ಕ್ರೂಡ್ರೈವರ್
ಆ ಸಾಫ್ಟ್‌ವೇರ್ ಹೆಕ್ಸಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕ) ತೋರಿಸುತ್ತೆ, ನಮ್ಮ ಲೆಕ್ಕದಲ್ಲಿ ಅದು 56. ಸಂಖ್ಯೆಗಿಂತ ಅದರ ಅರ್ಥ ಮುಖ್ಯ. 56 ಜಾಗಗಳನ್ನ ಓದೋಕೆ ಹೋಗಿ ಆಗದೆ, ಆಮೇಲೆ ನೋಡೋಣ ಅಂತ ಡಿಸ್ಕ್ ಪಕ್ಕಕ್ಕಿಟ್ಟಿದೆ. ಅಂಥ ಒಂದೊಂದು ಜಾಗಕ್ಕೂ ಡಿಸ್ಕ್ ಮತ್ತೆ ಮತ್ತೆ ತಲೆ ಚಚ್ಚಿಕೊಳ್ಳುತ್ತೆ, ಅಷ್ಟು ಹೊತ್ತು ಇಡೀ ವಿಂಡೋಸ್ ಕಾಯುತ್ತೆ. ನೀವು ಕೇಳಿದ ಟಕ್ ಬಹುಶಃ ಅದೇ.

ಸರ್, ಈಗ ಸ್ಪೀಡ್ ಮರೆತುಬಿಡಿ. ಇವತ್ತೇ, ಈಗಲೇ ಪೇಜ್‌ಮೇಕರ್ ಫೈಲುಗಳನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ. ಫಾಂಟ್ಸ್ ಫೋಲ್ಡರಿಂದ ನುಡಿ 01 ಇ, 05 ಇ ಅಂತ ನೀವು ಬಳಸೋ ಎಲ್ಲಾ ಫಾಂಟುಗಳನ್ನೂ ಕಾಪಿ ಮಾಡಿ. ಇದನ್ನ ಎಲ್ಲರೂ ಮರೀತಾರೆ, ಆಮೇಲೆ ಅಳ್ತಾರೆ. ಡಿಫ್ರಾಗ್, ಚೆಕ್‌ಡಿಸ್ಕ್ ಅಂತ ಡಿಸ್ಕ್ ಸರಿ ಮಾಡೋ ಪ್ರೋಗ್ರಾಂ ಏನೂ ಓಡಿಸಬೇಡಿ, ಸಾಯ್ತಿರೋ ಡಿಸ್ಕಿಗೆ ಅದು ಇನ್ನೂ ಹೊರೆ.

ಮಲೆನಾಡ_ಮಳೆ
ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೂ ಎಸ್‌ಎಸ್‌ಡಿಗೆ ಬದಲಾಯಿಸಿದರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ? ನನ್ನದೂ ಹಳೇದೇ. ಎಸ್‌ಎಸ್‌ಡಿ ಒಂದು ದಿನ ಸದ್ದಿಲ್ಲದೆ ಸತ್ತು ಹೋಗುತ್ತೆ ಅಂತಾರೆ.

ಸ್ಕ್ರೂಡ್ರೈವರ್
ಅಂಗಡಿ ಗುಮಾಸ್ತನನ್ನ ನೆನೆಸಿಕೊಳ್ಳಿ. ಒಂದೊಂದು ಸಾಮಾನಿಗೂ ಹಿಂದಿನ ಗೋಡೌನಿಗೆ ಓಡಿ ಹೋಗಿ ಬರ್ತಾನೆ. ಹಾರ್ಡ್ ಡಿಸ್ಕಿನ ಮುಳ್ಳು ಅದೇ ಕೆಲಸ ಮಾಡೋದು. ನಿಮಿಷಕ್ಕೆ 7,200 ಸುತ್ತು ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಮುಳ್ಳು ಸರಿಯಾದ ಜಾಗಕ್ಕೆ ಹೋಗಿ, ಬೇಕಾದ ಭಾಗ ಸುತ್ತಿ ಬರೋ ತನಕ ಕಾಯಬೇಕು. ಹಾಗಾಗಿ ಚೆಲ್ಲಾಪಿಲ್ಲಿಯಾಗಿರೋ ಫೈಲುಗಳನ್ನ ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಓದೋಕೆ ಆಗುತ್ತೆ. ಬೂಟ್ ಆಗೋವಾಗ ಬೇಕಾಗೋದು ಸಾವಿರಾರು ಚಿಕ್ಕ ಚಿಕ್ಕ ಫೈಲುಗಳು. ಎಸ್‌ಎಸ್‌ಡಿಯಲ್ಲಿ ಓಡಾಟವೇ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತೆ.

ಸದ್ದಿಲ್ಲದೆ ಸಾಯೋದು ನಿಜ. ಅದಕ್ಕೇ ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಇಟ್ಟಿರಬೇಕು. ಹಾರ್ಡ್ ಡಿಸ್ಕ್ ಸದ್ದು ಮಾಡಿ ಸಾಯುತ್ತೆ, ಆದರೂ ಯಾರು ಕಾಪಿ ಮಾಡ್ತಾರೆ ಹೇಳಿ?

ಹುಬ್ಬಳ್ಳಿ_ಮಂದಿ
ಕರೆಂಟ್ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕಡೆ ಡಿಸ್ಕ್ ಕೊಲ್ಲೋದು ಕರೆಂಟೇ. ಅಣ್ಣಾರ, ನಿಮ್ಮ ಯುಪಿಎಸ್ ಸರಿ ಐತೇನು?

ಜೆರಾಕ್ಸ್_ಅಂಗಡಿ_ತಿಪಟೂರು
ಕರೆಂಟ್ ಹೋದರೆ ಒಂದು ಸಲ ಕುಂಯ್ ಅಂದು ಅದೂ ಮಲಗುತ್ತೆ ಅಣ್ಣ. ಆಮೇಲೆ ಆನ್ ಮಾಡಿದಾಗ "ರಿಪೇರಿಂಗ್ ಡ್ರೈವ್" ಅಂತ ಬರುತ್ತೆ.

ಹುಬ್ಬಳ್ಳಿ_ಮಂದಿ
ಆತ ಬಿಡ್ರಿ, ಬ್ಯಾಟರಿ ಹೋಗೇತಿ. ಎಸ್‌ಎಸ್‌ಡಿ ಹಾಕಿಸೋ ದಿನಾನ ಅದನ್ನೂ ಹಾಕಿಸ್ರಿ. ಇಲ್ಲಂದ್ರ ಹೊಸಾದೂ ಹಳೇದರ ಹಾದಿನ ಹಿಡೀತೈತಿ.

ಜೆರಾಕ್ಸ್_ಅಂಗಡಿ_ತಿಪಟೂರು
ಬ್ಯಾಕಪ್ ಮಾಡಿದೆ. ನಾಲ್ಕು ಫೋಲ್ಡರ್ ಓದೋಕೆ ಆಗಲಿಲ್ಲ, 2018ರ ಗ್ರಾಮ ಪಂಚಾಯ್ತಿ ಕರಪತ್ರಗಳು, ಹೋದರೆ ಹೋಗಲಿ. ಉಳಿದದ್ದೆಲ್ಲಾ ಬಂತು. ಹಳೇ ಡಿಸ್ಕಲ್ಲಿರೋದನ್ನ ಎಸ್‌ಎಸ್‌ಡಿಗೆ ಹಾಗೇ ಕ್ಲೋನ್ ಮಾಡೋದಾ, ಹೊಸದಾಗಿ ವಿಂಡೋಸ್ ಹಾಕೋದಾ? ಹಾಕೋದಾದರೆ 11 ಹಾಕಬಹುದಾ?

ಸ್ಕ್ರೂಡ್ರೈವರ್
ಇಂಥ ಡಿಸ್ಕಿಂದ ಕ್ಲೋನ್ ಬೇಡ, ಕೆಟ್ಟ ಫೈಲುಗಳೂ ಜೊತೆಗೆ ಬರ್ತವೆ. ಹೊಸದಾಗಿ ಹಾಕಿ. 11ಕ್ಕೆ ಇಂಟೆಲ್ ಎಂಟನೇ ಜನರೇಷನ್, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ನಿಮ್ಮದು ನಾಲ್ಕನೇದು. ಅಡ್ಡದಾರಿ ಇವೆ, ಅಂಗಡಿ ಮಷಿನಿಗೆ ನಾನು ಹೇಳಲ್ಲ. 10 ಹಾಕಿ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ಡಿಸ್ಕ್ ಬದಲಾದರೂ ನೆಟ್‌ಗೆ ಸೇರಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತೆ. ನಿಮ್ಮ ಬೋರ್ಡು ಎಚ್81 ಆಗಿದ್ದರೆ ಡಿಸ್ಕ್ ಸಿಕ್ಕಿಸೋ ನಾಲ್ಕು ಸಾಟಾ ಪೋರ್ಟಲ್ಲಿ ಎರಡು ಮಾತ್ರ 6 ಗಿಗಾಬಿಟ್ ವೇಗದವು. ಎಸ್‌ಎಸ್‌ಡಿ ಅದಕ್ಕೇ ಸಿಕ್ಕಿಸಿ. 4 ಜಿಬಿ ಡಿಡಿಆರ್3 ರ‍್ಯಾಮ್ ಇನ್ನೊಂದು ಕಡ್ಡಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಾಕಿ.

ಪೆಂಗ್ವಿನ್_ಪ್ರಿಯ
ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗೀತು. ಜನರ ಬ್ಯಾಂಕ್ ವಿವರ, ಆಧಾರ್ ಎಲ್ಲಾ ಅದರಲ್ಲಿ ತುಂಬಿಸ್ತೀರಿ. ಇದನ್ನೂ ಹೇಳಬೇಕಲ್ವಾ?

ಸ್ಕ್ರೂಡ್ರೈವರ್
ಒಪ್ಪಿದೆ, ಹೇಳಬೇಕಿತ್ತು. ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸೋ ಯೋಜನೆಯನ್ನ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರ ತನಕ ಅಂತ ಕೊಟ್ಟಿದೆ, ಅದಕ್ಕೆ ಸೇರಿಕೊಳ್ಳಿ. ಆಮೇಲೆ ಅರ್ಜಿ ಕೆಲಸಕ್ಕೆ ಬೇರೆ ಮಷಿನ್ ನೋಡಿಕೊಂಡು, ಇದನ್ನ ನೆಟ್ ಇಲ್ಲದೆ ಪೇಜ್‌ಮೇಕರಿಗೆ ಇಟ್ಟುಕೊಳ್ಳಿ.

ಜೆರಾಕ್ಸ್_ಅಂಗಡಿ_ತಿಪಟೂರು
ಹಾಕಿಸಿದೆ!! 256 ಜಿಬಿ ಎಸ್‌ಎಸ್‌ಡಿ, ಹಳೇ ರ‍್ಯಾಮ್ ಒಂದು, ಯುಪಿಎಸ್ ಬ್ಯಾಟರಿ. ಕ್ಯಾಬಿನೆಟ್ ತೆಗೆದಾಗ ಹಲ್ಲಿ ಮೊಟ್ಟೆ ಎರಡು, ಒಂದು ಹಿಡಿ ಧೂಳು. ಈಗ ವಿಂಡೋಸ್ ಗುರುತಿಂದ ಡೆಸ್ಕ್‌ಟಾಪಿಗೆ 24 ಸೆಕೆಂಡ್. ಊದುಬತ್ತಿ ಹಚ್ಚೋಕೂ ಟೈಮಿಲ್ಲ.
ಒಂದೇ ಡೌಟು. ಗುರುತು ಬರೋ ಮುಂಚೆ ಇನ್ನೂ ಹೆಚ್ಚೂ ಕಡಿಮೆ ಒಂದು ನಿಮಿಷ ಹಾಗೇ ಇದೆ.

ಸ್ಕ್ರೂಡ್ರೈವರ್
ಪೆನ್‌ಡ್ರೈವ್, ಕಾರ್ಡ್ ರೀಡರ್ ಎಲ್ಲಾ ಕಿತ್ತು ನೋಡಿ. ಬಯಾಸಲ್ಲಿ ನೆಟ್‌ವರ್ಕ್ ಬೂಟ್ (ವಿಂಡೋಸನ್ನ ನೆಟ್‌ವರ್ಕಲ್ಲಿ ಹುಡುಕೋದು) ಆನ್ ಇದೆಯಾ?

ಲೆಕ್ಕದ_ಮೇಡಂ
ಒಂದು ನಿಮಿಷ. ಅವರ ಮೊದಲನೇ ಪೋಸ್ಟ್ ಮತ್ತೆ ಓದಿ. "ಟೈಮ್ ಸರಿ ಮಾಡಿ, ಬ್ರೌಸರ್ ತೆಗೆದು" ಅಂತ ಬರೆದಿದ್ದಾರೆ. ಸರ್, ನೀವು ದಿನಾ ಬೆಳಗ್ಗೆ ಟೈಮ್ ಸರಿ ಮಾಡ್ತೀರಾ?

ಜೆರಾಕ್ಸ್_ಅಂಗಡಿ_ತಿಪಟೂರು
ಹೌದು ಮೇಡಂ. ದಿನಾ ಹಳೇ ವರ್ಷ ತೋರಿಸುತ್ತೆ. ಸರಿ ಮಾಡದಿದ್ದರೆ ವೆಬ್‌ಸೈಟ್ ಯಾವುದೂ ತೆಗೆಯಲ್ಲ, ನಿಮ್ಮ ಗಡಿಯಾರ ಹಿಂದಿದೆ ಅನ್ನುತ್ತೆ. ಮೊದಲು ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಅಂತ ಬರುತ್ತಲ್ಲ, ಅದನ್ನ ಒತ್ತಿ, ಆಮೇಲೆ ಟೈಮ್ ಸರಿ ಮಾಡ್ತೀನಿ.

ಸ್ಕ್ರೂಡ್ರೈವರ್
ಎಫ್1?! ಅದನ್ನ ಯಾಕೆ ಹೇಳಲಿಲ್ಲ ಸರ್!

ಜೆರಾಕ್ಸ್_ಅಂಗಡಿ_ತಿಪಟೂರು
ಎಲ್ಲಾ ಕಂಪ್ಯೂಟರಲ್ಲೂ ಇರುತ್ತೆ ಅಂದ್ಕೊಂಡಿದ್ದೆ. ಮೂರ್ನಾಲ್ಕು ವರ್ಷದಿಂದ ಒತ್ತುತ್ತಾ ಇದ್ದೀನಿ.

ಹುಬ್ಬಳ್ಳಿ_ಮಂದಿ
😂😂😂 ಬಾಗಿಲಾ ತೆಗದು ದೀಪಾ ಹಚ್ಚಿ ಎಫ್1 ಒತ್ತೋದು!

ಲೆಕ್ಕದ_ಮೇಡಂ
ನಮ್ಮ ಶಾಲೆ ಲ್ಯಾಬಲ್ಲೂ ಇದೇ ಆಗಿತ್ತು. ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಇರೋ ಒಂದು ಬಟನ್ ಸೆಲ್, ಸಿಆರ್2032 ಅಂತ. ಅದು ಸತ್ತರೆ ಬಯಾಸ್ ಎಲ್ಲವನ್ನೂ ಮರೆಯುತ್ತೆ. ನೀವು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗ್ತೀರಿ. ಮೇನ್ ಆನ್ ಇದ್ದರೆ ಎಸ್‌ಎಂಪಿಎಸ್ (ಡಬ್ಬದೊಳಗಿನ ಪವರ್ ಸಪ್ಲೈ) ಕೊಡೋ ಚೂರು ಕರೆಂಟಲ್ಲೇ ಗಡಿಯಾರ ನಡೆಯುತ್ತೆ. ಮಧ್ಯಾಹ್ನ ರೀಸ್ಟಾರ್ಟ್ ಮಾಡಿದಾಗ ಎಫ್1 ಕೇಳಲ್ಲ ಅಲ್ವಾ?

ಜೆರಾಕ್ಸ್_ಅಂಗಡಿ_ತಿಪಟೂರು
ನಿಜ ಮೇಡಂ, ಕೇಳಲ್ಲ! ಬೆಳಗ್ಗೆ ಮಾತ್ರ.

ಸ್ಕ್ರೂಡ್ರೈವರ್
ಮೇಡಂ, ಶರಣು. ನಾನು ಡಿಸ್ಕ್ ಸದ್ದಿನ ಹಿಂದೆ ಬಿದ್ದು ಇದನ್ನ ಬಿಟ್ಟೇ ಬಿಟ್ಟೆ. ಸರ್, ಮೇನ್ ಆಫ್ ಮಾಡಿ, ಪಿನ್ ಕಿತ್ತು, ಸೆಲ್ ಬದಲಾಯಿಸಿ. ಗೋಡೆ ಗಡಿಯಾರ ಮಾರೋ ಅಂಗಡಿಯಲ್ಲೂ ಸಿಗುತ್ತೆ. ಆಮೇಲೆ ಬಯಾಸಿಗೆ ಹೋಗಿ ತಾರೀಕು ಹಾಕಿ, ಎಸ್‌ಎಸ್‌ಡಿ ಮೊದಲು ಅಂತ ಕೊಟ್ಟು, ನೆಟ್‌ವರ್ಕ್ ಬೂಟ್ ತೆಗೆದು ಸೇವ್ ಮಾಡಿ.

ಜೆರಾಕ್ಸ್_ಅಂಗಡಿ_ತಿಪಟೂರು
ಸೆಲ್ಲಿಗೆ 40 ರೂಪಾಯಿ ಆಯ್ತು. ಬಟನ್ ಒತ್ತಿದಾಗಿಂದ ಡೆಸ್ಕ್‌ಟಾಪಿಗೆ ಒಟ್ಟು 35 ಸೆಕೆಂಡ್. ಇವತ್ತು ಬೆಳಗ್ಗೆ ಅಭ್ಯಾಸ ಬಲದಿಂದ ಎಫ್1 ಒತ್ತಿದೆ, ಏನೋ ಹೆಲ್ಪ್ ಪುಟ ತೆರೆದುಕೊಳ್ತು.

ಕಾಫಿ_ಡಿಕಾಕ್ಷನ್
ಅಭಿನಂದನೆ ಸರ್. ಟೆಂಪ್ ಮಾತ್ರ ಆಗಾಗ ಕ್ಲೀನ್ ಮಾಡ್ತಾ ಇರಿ 🙂

ಲೆಕ್ಕದ_ಮೇಡಂ
ಹಳೇ ಹಾರ್ಡ್ ಡಿಸ್ಕ್ ಏನು ಮಾಡಿದಿರಿ? ಗುಜರಿಗೆ ಹಾಗೇ ಕೊಟ್ಟುಬಿಡಬೇಡಿ, ಊರವರ ಆಧಾರ್ ಸ್ಕ್ಯಾನ್ ಎಲ್ಲಾ ಅದರಲ್ಲಿರುತ್ತೆ.

ಸ್ಕ್ರೂಡ್ರೈವರ್
ಒಳ್ಳೇ ಮಾತು. ನಕ್ಷತ್ರದ ಆಕಾರದ ಸ್ಕ್ರೂಗಳಿರ್ತವೆ, ಟಿ8 ತುದಿಯ ಸ್ಕ್ರೂಡ್ರೈವರ್ ತಗೊಂಡು ಬಿಚ್ಚಿ ಒಳಗಿನ ಬಿಲ್ಲೆ ಹಾಳು ಮಾಡಿ. ಕನ್ನಡಕ ಹಾಕ್ಕೊಳ್ಳಿ, ಕೆಲವು ಬಿಲ್ಲೆ ಗಾಜಿನವು, ಸಿಡಿಯುತ್ತವೆ. ಒಳಗೆ ಎರಡು ಮ್ಯಾಗ್ನೆಟ್ ಸಿಗುತ್ತೆ, ಬೆರಳು ಹುಷಾರು.

ಜೆರಾಕ್ಸ್_ಅಂಗಡಿ_ತಿಪಟೂರು
ಅಕ್ಕನ ಮಗನ ಕೈಲಿ ಬಿಚ್ಚಿಸಿದೆ. ಗೇಮ್ ಹಾಕಿದ್ದಕ್ಕೆ ಶಿಕ್ಷೆ. ಬಿಲ್ಲೆ ಕನ್ನಡಿ ಥರ ಹೊಳೀತಿತ್ತು, ಮೊಳೆಯಲ್ಲಿ ಗೀಚಿ ಬಗ್ಗಿಸಿದ. ಮ್ಯಾಗ್ನೆಟ್ ಎರಡೂ ಈಗ ಕಬ್ಬಿಣದ ಬೀರುವಿನ ಮೇಲೆ ನಮ್ಮ ದರಪಟ್ಟಿ ಹಿಡಿದುಕೊಂಡಿವೆ. ಕೀಳೋಕೆ ಬರ್ತಿಲ್ಲ, ಹಾಗಾಗಿ ಸದ್ಯಕ್ಕೆ ಜೆರಾಕ್ಸ್ ರೇಟು ಏರಿಸಲ್ಲ.